ಸ್ವತಂತ್ರ ತಂತ್ರಾಂಶ: ವಿತರಣಾ ಶುಲ್ಕ

ಬಳಸುವ, ಅಭ್ಯಸಿಸುವ, ತಿದ್ದುವ ಮತ್ತು ಹಂಚುವ ಹಕ್ಕುಗಳೊಡನೆ ಬರುವ ತಂತ್ರಾಂಶದ ಪ್ರತಿಗೆ ಲಾಭರಹಿತ ಸಂಸ್ಥೆಗಳು ಪಡೆಯುವ ಹಣ. 1985ರಲ್ಲಿ ರಿಚರ್ಡ್ ಸ್ಟಾಲ್ಮನ್ ಇಮ್ಯಾಕ್ಸ್ ತಂತ್ರಾಂಶದ ಟೇಪನ್ನು 150 ಡಾಲರಿಗೆ ಮಾರತೊಡಗಿದರು. ಅಂತರಜಾಲ ಸಂಪರ್ಕವಿದ್ದವರಿಗೆ ಅದೇ ತಂತ್ರಾಂಶ ಉಚಿತವಾಗಿ ಸಿಗುತ್ತಿತ್ತು. ಅದೇ ವರ್ಷ ಸ್ಥಾಪನೆಯಾದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಈ ಮಾರಾಟವನ್ನು ವಹಿಸಿಕೊಂಡಿತು.

ಸಮರ್ಥನೆ: ನಕಲು, ಅಂಚೆ, ದುಡಿಮೆ ಎಲ್ಲಕ್ಕೂ ಖರ್ಚಿದೆ, ಮಿಕ್ಕ ಹಣ ಹೊಸ ತಂತ್ರಾಂಶದ ರಚನೆಗೆ ಸಲ್ಲುತ್ತದೆ. ಶುಲ್ಕ ಪ್ರತಿಗೆ ಮಾತ್ರ, ಹಕ್ಕಿಗಲ್ಲ. ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದ ಶಾಲೆಯೊಂದು ದುಡ್ಡು ಕೊಟ್ಟು ಇಂಥ ತಂತ್ರಾಂಶದ ಡಿವಿಡಿ ತರಿಸಿಕೊಂಡರೆ, ಅದನ್ನು ಎಲ್ಲ ಕಂಪ್ಯೂಟರುಗಳಿಗೂ ಹಾಕಬಹುದು, ಪಕ್ಕದ ಊರಿನ ಶಾಲೆಗೂ ಪುಕ್ಕಟೆ ಕೊಡಬಹುದು. ಹೀಗಾಗಿ ಮಾರುವವರು ಬೆಲೆಯನ್ನು ಮನಬಂದಂತೆ ಏರಿಸಿ ನಿಲ್ಲಿಸಲಾಗದು.

ಮಿತಿಗಳು: ಸ್ವತಂತ್ರ ತಂತ್ರಾಂಶಕ್ಕೆ ಬಳಸುವ ಜಿಪಿಎಲ್ ಪರವಾನಗಿಯ 2ನೇ ಆವೃತ್ತಿ (1991) ಪ್ರತಿಯ ಬೆಲೆಗೆ ಮೇಲ್ಮಿತಿ ಹಾಕಿಲ್ಲ. ಆದರೆ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಕೇಳಿದಾಗ ಕೊಡುವುದಾಗಿ ಬರೆದುಕೊಟ್ಟಿದ್ದರೆ, ಅದನ್ನು ತಲುಪಿಸುವ ಖರ್ಚಿಗಿಂತ ಹೆಚ್ಚು ಪಡೆಯುವಂತಿಲ್ಲ. ಲೋಹಿತ್ ಕನ್ನಡ ಫಾಂಟಿಗೆ ಅನ್ವಯವಾಗುವ ಓಪನ್ ಫಾಂಟ್ ಲೈಸೆನ್ಸ್ ಇನ್ನೂ ಬಿಗಿ: ಫಾಂಟನ್ನು ಬಿಡಿಯಾಗಿ ಮಾರುವಂತಿಲ್ಲ, ಬೇರೆ ತಂತ್ರಾಂಶದೊಂದಿಗೆ ಸೇರಿಸಿ ಮಾರಬಹುದು.