ಕಾರ್ಡ್ ರೀಡರ್ ಕಥೆ: ಶಾನುಭೋಗರು ಎಲ್ಲಿ ಕೂರಬೇಕು?

📌 1/8

ಫೆಸ್ಟ್ ಮುಗಿದು ನಾಲ್ಕು ದಿನ ಆಯ್ತು. ನಿಮ್ಮಲ್ಲಿ ಅರ್ಧ ಜನ ಕೇಳಿದ್ದು ಒಂದೇ ಪ್ರಶ್ನೆ: "ಫೋಟೋ ಯಾವಾಗ ಹಾಕ್ತೀಯಾ?" ನಿಜ ಹೇಳ್ಬೇಕಂದ್ರೆ ಫೋಟೋ ಎಲ್ಲಾ ಕ್ಯಾಮೆರಾದ ಎಸ್‌ಡಿ ಕಾರ್ಡಲ್ಲಿ ಆರಾಮಾಗಿ ಕೂತಿದ್ವು. ನನ್ನ ಲ್ಯಾಪ್‌ಟಾಪಿಗೆ ಕಾರ್ಡ್ ಸ್ಲಾಟ್ ಇಲ್ಲ. ಇದ್ದ ಒಂದು ರೀಡರನ್ನ ಯಾರಿಗೋ ಕೊಟ್ಟಿದ್ದೆ, ವಾಪಸ್ ಬರ್ಲಿಲ್ಲ. (ತಗೊಂಡವರು ಇದನ್ನ ಓದ್ತಿದ್ರೆ ದಯವಿಟ್ಟು ತಂದುಕೊಡಿ 🙏)

ಮನೆಯಲ್ಲಿ ಇನ್ನೊಂದು ರೀಡರ್ ಇದೆಯಾ ಅಂತ ಹುಡುಕುವಾಗ ಹಳೇ ಬಿಸ್ಕತ್ ಡಬ್ಬದಲ್ಲಿ ಮಾವನ ಕಾಲದ ಒಂದು ಕಾರ್ಡ್ ಸಿಕ್ತು. ಅಂಚೆಚೀಟಿಯಷ್ಟು ಚಿಕ್ಕದು, ಮೇಲೆ "ಎಕ್ಸ್‌ಡಿ" ಅಂತ ಬರೆದಿತ್ತು, 16 ಎಂಬಿ. ಮೂರು ಮೊಬೈಲ್ ಅಂಗಡಿ ಸುತ್ತಿದೆ. ನನ್ನ ಎಸ್‌ಡಿ ಕಾರ್ಡಿಗೆ ರೀಡರ್ ಮೊದಲನೇ ಅಂಗಡಿಯಲ್ಲೇ ಸಿಕ್ತು. ಮಾವನ ಕಾರ್ಡಿಗೆ ಎಲ್ಲೂ ಸಿಗ್ಲಿಲ್ಲ.

ಎರಡೂ ಮೆಮೊರಿ ಕಾರ್ಡೇ ತಾನೇ? ಒಂದನ್ನ ಎಲ್ಲಿ ಬೇಕಾದ್ರೂ ಓದಬಹುದು, ಇನ್ನೊಂದನ್ನ ಓದೋಕೆ ಆಗಲ್ಲ, ಯಾಕೆ? ಉತ್ತರ ಹುಡುಕ್ತಾ ಹೋದ್ರೆ 40 ವರ್ಷದ ಕಥೆ ಸಿಕ್ತು. ಬನ್ನಿ 👇

📌 2/8

ಈ ಕಾರ್ಡುಗಳ ಒಳಗೆ ಇರೋದು ಫ್ಲ್ಯಾಶ್ ಮೆಮೊರಿ. ಕರೆಂಟ್ ಹೋದ್ರೂ ಬರೆದದ್ದನ್ನ ಉಳಿಸಿಕೊಳ್ಳೋ ಚಿಪ್. ಇದನ್ನ ಕಂಡುಹಿಡಿದದ್ದು ಜಪಾನಿನ ತೋಷಿಬಾ ಕಂಪನಿಯ ಇಂಜಿನಿಯರ್ ಫುಜಿಯೋ ಮಸುವೊಕಾ. 1984ರಲ್ಲಿ ಮೊದಲ ಬಗೆಯನ್ನ ಜಗತ್ತಿನ ಮುಂದಿಟ್ರು. ಇವತ್ತಿನ ಕಾರ್ಡುಗಳಲ್ಲಿ ಇರೋ "ನ್ಯಾಂಡ್" ಬಗೆ ಬಂದದ್ದು 1987ರಲ್ಲಿ. ಚಿಪ್ಪಿನಲ್ಲಿರೋದು ಒಟ್ಟಿಗೇ ಅಳಿಸಿ ಹೋಗೋದು ಕ್ಯಾಮೆರಾ ಫ್ಲ್ಯಾಶ್ ಮಿಂಚಿದ ಹಾಗಿದೆ ಅಂತ ಅವರ ಸಹೋದ್ಯೋಗಿಯೊಬ್ಬರು ಆ ಹೆಸರು ಸೂಚಿಸಿದ್ರಂತೆ.

ನ್ಯಾಂಡ್ ಚಿಪ್ಪಿಗೆ ಒಂದು ಗುಣ ಇದೆ. ಅದು ತನ್ನ ಲೆಕ್ಕ ತಾನು ಇಟ್ಟುಕೊಳ್ಳಲ್ಲ. ಯಾವ ಬ್ಲಾಕ್ ಹಾಳಾಗಿದೆ, ಯಾವುದು ಸವೆದಿದೆ, ಯಾವ ಫೋಟೋದ ತುಣುಕು ಎಲ್ಲಿದೆ ಅಂತ ನೋಡ್ಕೊಳ್ಳೋಕೆ ಇನ್ನೊಂದು ಚಿಪ್ ಬೇಕು. ಅದಕ್ಕೆ ಕಂಟ್ರೋಲರ್ ಅಂತಾರೆ. ಊರಿನ ಲೆಕ್ಕವನ್ನೆಲ್ಲ ಶಾನುಭೋಗರು ಇಟ್ಟ ಹಾಗೆ ಅಂದ್ಕೊಳ್ಳಿ.

ಈ ಶಾನುಭೋಗರು ಎಲ್ಲಿ ಕೂರಬೇಕು? ಕಾರ್ಡಿನ ಒಳಗೋ, ರೀಡರಿನ ಒಳಗೋ? ಇಡೀ ಕಥೆ ನಿಂತಿರೋದು ಈ ಪ್ರಶ್ನೆ ಮೇಲೆ.

1994ರಲ್ಲಿ ಅಮೆರಿಕದ ಸ್ಯಾನ್‌ಡಿಸ್ಕ್ ಕಾಂಪ್ಯಾಕ್ಟ್‌ಫ್ಲ್ಯಾಶ್ ತಂತು. ಶಾನುಭೋಗರು ಕಾರ್ಡಿನ ಒಳಗೇ. ಕಾರ್ಡ್ ಸ್ವಲ್ಪ ದಪ್ಪ, 3.3 ಮಿಮೀ. 1995ರಲ್ಲಿ ತೋಷಿಬಾ ಸ್ಮಾರ್ಟ್‌ಮೀಡಿಯಾ ತಂತು. ಅದು ಬರೀ 0.76 ಮಿಮೀ, ನಿಮ್ಮ ಎಟಿಎಂ ಕಾರ್ಡಿನಷ್ಟೇ ತೆಳು. ಹೇಗೆ ಸಾಧ್ಯ ಆಯ್ತು? ಶಾನುಭೋಗರನ್ನ ಹೊರಗೆ ಕಳಿಸಿದ್ರು. ಆ ಕೆಲಸ ಕ್ಯಾಮೆರಾ ಅಥವಾ ರೀಡರ್ ಮಾಡಬೇಕು. ಹೆಸರು "ಸ್ಮಾರ್ಟ್", ಆದ್ರೆ ಬುದ್ಧಿ ಮಾತ್ರ ಬೇರೆಯವರ ಮನೇಲಿ 😅

📌 3/8

ಮೊದಲ ಡಿಜಿಟಲ್ ಕ್ಯಾಮೆರಾಗಳ ಕಾಲದಲ್ಲಿ ರೀಡರ್ ಅನ್ನೋದೇ ಇರ್ಲಿಲ್ಲ ಅನ್ನಬಹುದು. 1994ರ ಆ್ಯಪಲ್ ಕ್ವಿಕ್‌ಟೇಕ್ 100 ಕ್ಯಾಮೆರಾದಿಂದ ಫೋಟೋ ತೆಗೀಬೇಕಂದ್ರೆ ಸೀರಿಯಲ್ ಕೇಬಲ್ ಸಿಕ್ಕಿಸಬೇಕಿತ್ತು.

ನೀವೇ ಲೆಕ್ಕ ಹಾಕಿ. ಆಗಿನ ಪಿಸಿಯ ಸೀರಿಯಲ್ ಪೋರ್ಟಿನ ವೇಗ ಹೆಚ್ಚಂದ್ರೆ ಸೆಕೆಂಡಿಗೆ 1,15,200 ಬಿಟ್. ಒಂದು ಬೈಟ್ ಕಳಿಸೋಕೆ 10 ಬಿಟ್ ಖರ್ಚು. ಅಂದ್ರೆ ಸೆಕೆಂಡಿಗೆ ಸುಮಾರು 11 ಕೆಬಿ. 8 ಎಂಬಿಯ ಕಾರ್ಡ್ ಖಾಲಿ ಮಾಡೋಕೆ 12 ನಿಮಿಷ. ಅಷ್ಟೂ ಹೊತ್ತು ಕ್ಯಾಮೆರಾ ಆನ್ ಇರಬೇಕು, ಸೆಲ್ ಕರಗ್ತಾ ಇರುತ್ತೆ. ಇವತ್ತು ನಾವು ಕಳಿಸೋ ಒಂದು ಫೋಟೋನೇ ಕೆಲವು ಸಲ 8 ಎಂಬಿ ಇರುತ್ತೆ!

ಲ್ಯಾಪ್‌ಟಾಪ್ ಇದ್ದವರಿಗೆ ಒಂದು ಸುಲಭ ದಾರಿ ಇತ್ತು. ಆಗಿನ ಲ್ಯಾಪ್‌ಟಾಪ್‌ಗಳಲ್ಲಿ ಪಿಸಿ ಕಾರ್ಡ್ ಅನ್ನೋ 68 ಪಿನ್ನಿನ ಸ್ಲಾಟ್ ಇರ್ತಿತ್ತು. 50 ಪಿನ್ನಿನ ಕಾಂಪ್ಯಾಕ್ಟ್‌ಫ್ಲ್ಯಾಶನ್ನ ಅದಕ್ಕೆ ಹೊಂದೋ ಹಾಗೇ ಮಾಡಿದ್ರು. ನಡುವೆ ಬೇಕಾದ ಅಡಾಪ್ಟರಿನಲ್ಲಿ ಚಿಪ್ಪೇ ಇಲ್ಲ, ಬರೀ ತಂತಿ. ಶಾನುಭೋಗರು ಕಾರ್ಡಲ್ಲೇ ಇರೋದ್ರಿಂದ ಸಿಕ್ಕ ಲಾಭ ಇದು.

ಮೇಜಿನ ಮೇಲಿನ ಡೆಸ್ಕ್‌ಟಾಪಿಗೆ ಆ ಸ್ಲಾಟ್ ಸಾಮಾನ್ಯವಾಗಿ ಇರ್ತಿರ್ಲಿಲ್ಲ. ಅಂಥವರಿಗೆ ಪ್ರಿಂಟರ್ ಪೋರ್ಟಿಗೆ ಹಾಕೋ ರೀಡರ್ ಬಂತು. ಆ ಪೋರ್ಟ್ ಇರೋದು ಕ್ಯಾಬಿನೆಟ್ ಹಿಂದೆ. ಫೋಟೋ ಬೇಕಂದ್ರೆ ಮೇಜಿನ ಕೆಳಗೆ ತೂರಬೇಕು, ಧೂಳು ತಿನ್ನಬೇಕು.

📌 4/8

ಈಗ ನನಗೆ ಈ ಕಥೆಯಲ್ಲಿ ತುಂಬಾ ಇಷ್ಟ ಆದ ಭಾಗ ❤️

ಹೊಸ ತೂತು ಕೊರೆಯೋ ಬದಲು ಎಲ್ಲಾ ಕಂಪ್ಯೂಟರಿನ ಮುಂದೆ ಈಗಾಗ್ಲೇ ಇರೋ ತೂತನ್ನೇ ಬಳಸಿದ್ರೆ? ಆಗ ಎಲ್ಲರ ಹತ್ರ ಇದ್ದದ್ದು ಫ್ಲಾಪಿ ಡ್ರೈವ್. ಸೋನಿ 1997ರಲ್ಲಿ ನೇರವಾಗಿ ಫ್ಲಾಪಿಗೇ ಫೋಟೋ ಬರೆಯೋ ಮ್ಯಾವಿಕಾ ಕ್ಯಾಮೆರಾಗಳನ್ನ ತಂದಿತ್ತು. 1998ರಲ್ಲಿ ಸ್ಮಾರ್ಟ್‌ಡಿಸ್ಕ್ ಅನ್ನೋ ಕಂಪನಿಯ ಫ್ಲ್ಯಾಶ್‌ಪಾತ್ ಬಂತು.

ನೋಡೋಕೆ ಥೇಟ್ ಫ್ಲಾಪಿ. ಬದಿಯಲ್ಲಿ ಒಂದು ಸೀಳು. ಅದರೊಳಗೆ ಸ್ಮಾರ್ಟ್‌ಮೀಡಿಯಾ ಕಾರ್ಡ್ ಜಾರಿಸಿ, ಇಡೀ ಫ್ಲಾಪಿಯನ್ನ ಡ್ರೈವಿಗೆ ತಳ್ಳೋದು. ಅಷ್ಟೇ!

ಒಳಗೆ ಏನಾಗ್ತಿತ್ತು? ಫ್ಲಾಪಿ ಡ್ರೈವಿನ ಹೆಡ್ ಓದೋದು ತಿರುಗೋ ಡಿಸ್ಕಿನ ಮೇಲಿನ ಕಾಂತೀಯ ಏರಿಳಿತವನ್ನ. ಇಲ್ಲಿ ತಿರುಗೋ ಡಿಸ್ಕೇ ಇಲ್ಲ. ಅದರ ಜಾಗದಲ್ಲಿ ಪುಟ್ಟ ಸುರುಳಿಯೊಂದು ಕಾರ್ಡಿನ ಮಾಹಿತಿಯನ್ನ ಕಾಂತೀಯ ಏರಿಳಿತವಾಗಿ ಬದಲಾಯಿಸಿ ಹೆಡ್ಡಿನ ಎದುರು ಹಿಡೀತಿತ್ತು. ನಾಟಕದಲ್ಲಿ ರಾಜನ ವೇಷ ಹಾಕಿದ ಹಾಗೆ, ಇದು ಫ್ಲಾಪಿ ವೇಷ. ಶಾನುಭೋಗರ ಕೆಲಸ ಮಾಡೋಕೆ ಸರ್ಕ್ಯೂಟ್, ಅದಕ್ಕೆ ಬಟನ್ ಸೆಲ್, ಎಲ್ಲಾ ಆ 3.3 ಮಿಮೀ ದಪ್ಪದ ಚಿಪ್ಪಿನೊಳಗೆ.

ತೊಂದರೆಗಳೂ ಇದ್ವು. ಸೆಲ್ ಮುಗಿದ್ರೆ ಕಥೆ ಮುಗೀತು. ಡ್ರೈವರ್ ಸಾಫ್ಟ್‌ವೇರ್ ಹಾಕಿಲ್ಲದ ಕಂಪ್ಯೂಟರಿನಲ್ಲಿ ಓದಲ್ಲ. ಫ್ಲಾಪಿ ಡ್ರೈವಿನ ವೇಗ ಸೆಕೆಂಡಿಗೆ 500 ಕಿಲೋಬಿಟ್, ಅದಕ್ಕಿಂತ ಜೋರಾಗಿ ಓಡೋಕೆ ಆಗಲ್ಲ. ಆದ್ರೂ ಲೆಕ್ಕದ ಪ್ರಕಾರ 8 ಎಂಬಿಗೆ ಎರಡು ನಿಮಿಷದ ಮೇಲೆ ಸ್ವಲ್ಪ. ಕೇಬಲ್ಲಿನ 12 ನಿಮಿಷದ ಮುಂದೆ ಇದು ಸ್ವರ್ಗ.

ಆದ್ರೆ ಅದೇ 1998ರ ಆಗಸ್ಟಿನಲ್ಲಿ ಆ್ಯಪಲ್ ಐಮ್ಯಾಕ್ ಮಾರಾಟಕ್ಕೆ ಬಂತು. ಫ್ಲಾಪಿ ಡ್ರೈವ್ ಇಲ್ಲದ ಕಂಪ್ಯೂಟರ್! ಇವರು ಅಷ್ಟು ಕಷ್ಟಪಟ್ಟು ಹೊಂದಿಸಿಕೊಂಡಿದ್ದ ತೂತೇ ಮುಚ್ಚೋಕೆ ಶುರುವಾಯ್ತು.

📌 5/8

ಐಮ್ಯಾಕಿನಲ್ಲಿ ಫ್ಲಾಪಿ ಬದಲು ಇದ್ದದ್ದು ಯುಎಸ್‌ಬಿ. ಇಂಟೆಲ್‌ನಲ್ಲಿ ಇದರ ಹಿಂದೆ ದುಡಿದವರಲ್ಲಿ ಮುಖ್ಯರು ಭಾರತದಲ್ಲಿ ಹುಟ್ಟಿದ ಅಜಯ್ ಭಟ್. ಮೊದಲ ಆವೃತ್ತಿ 1996ರಲ್ಲಿ ಬಂತು. ವೇಗ ಸೆಕೆಂಡಿಗೆ 12 ಮೆಗಾಬಿಟ್, ಫ್ಲಾಪಿಯ 24 ಪಟ್ಟು. 2000ದ ಯುಎಸ್‌ಬಿ 2.0ಗೆ 480 ಮೆಗಾಬಿಟ್.

ವೇಗಕ್ಕಿಂತ ದೊಡ್ಡ ಅನುಕೂಲ ಎರಡು. ಒಂದು, ಅದೇ ತಂತಿಯಲ್ಲಿ ಕರೆಂಟೂ ಬರುತ್ತೆ, ರೀಡರಿಗೆ ಸೆಲ್ ಬೇಡ. ಎರಡು, "ನಾನೊಂದು ಡಿಸ್ಕ್" ಅಂತ ಹೇಳಿಕೊಳ್ಳೋಕೆ ಎಲ್ಲಾ ಕಂಪನಿಗಳಿಗೂ ಒಂದೇ ಭಾಷೆ ಇತ್ತು. ವಿಂಡೋಸ್ 98ರಲ್ಲಿ ಪ್ರತಿ ರೀಡರಿಗೂ ಅದರದ್ದೇ ಸಿಡಿ ಹಾಕಿ ಡ್ರೈವರ್ ಹಾಕಬೇಕಿತ್ತು. 2000ದಲ್ಲಿ ಬಂದ ವಿಂಡೋಸ್ 2000 ಮತ್ತು ವಿಂಡೋಸ್ ಎಂಇಗೆ ಆ ಭಾಷೆ ಮೊದಲೇ ಗೊತ್ತಿತ್ತು. ಸಿಕ್ಕಿಸಿದ್ರೆ ಡ್ರೈವ್ ಕಾಣುತ್ತೆ. ನಮಗೆ ಇವತ್ತು ಇದು ಏನೂ ಅನ್ಸಲ್ಲ, ಅಲ್ವಾ?

📌 6/8

ಕಂಪ್ಯೂಟರ್ ಕಡೆಯ ತೂತು ಒಂದೇ ಆಯ್ತು. ಆದ್ರೆ ಕಾರ್ಡ್ ಕಡೆ ಯುದ್ಧ ಶುರು ⚔️

1997: ಸ್ಯಾನ್‌ಡಿಸ್ಕ್ ಮತ್ತು ಸೀಮೆನ್ಸ್‌ನ ಎಂಎಂಸಿ
1998: ಸೋನಿಯ ಮೆಮೊರಿ ಸ್ಟಿಕ್
1999: ಪ್ಯಾನಸೋನಿಕ್, ಸ್ಯಾನ್‌ಡಿಸ್ಕ್, ತೋಷಿಬಾ ಸೇರಿ ಎಸ್‌ಡಿ
2002: ಒಲಿಂಪಸ್ ಮತ್ತು ಫ್ಯೂಜಿಫಿಲ್ಮ್‌ನ ಎಕ್ಸ್‌ಡಿ

ಮೊದಲಿನ ಎರಡನ್ನೂ ಸೇರಿಸಿ ಆರು ಆಯ್ತು. ಪಾಪ, ರೀಡರ್ ಮಾಡೋರು ಏನು ಮಾಡಬೇಕು? ಒಂದೇ ಡಬ್ಬಕ್ಕೆ ನಾಲ್ಕು ತೂತು ಇಟ್ರು. ಒಂದೇ ತೂತಿಗೆ ಹೋಗೋ ಬೇರೆ ಬೇರೆ ಹೆಸರಿನ ಕಾರ್ಡುಗಳನ್ನೆಲ್ಲ ಎಣಿಸಿ ಡಬ್ಬದ ಮೇಲೆ ದೊಡ್ಡ ಸಂಖ್ಯೆ ಹಾಕೋರು. ಕಂಪ್ಯೂಟರಿಗೆ ಸಿಕ್ಕಿಸಿದ್ರೆ ನಾಲ್ಕು ಖಾಲಿ ಡ್ರೈವ್ ಕಾಣೋದು, ನಿಮ್ಮ ಕಾರ್ಡ್ ಯಾವುದರಲ್ಲಿ ಅಂತ ಒಂದೊಂದಾಗಿ ಕ್ಲಿಕ್ ಮಾಡಿ ನೋಡಬೇಕು.

ಇನ್ನೊಂದು ತಮಾಷೆ: ಡೆಸ್ಕ್‌ಟಾಪ್ ಒಳಗೆ ಕೂರೋ ರೀಡರ್‌ಗಳನ್ನ ಫ್ಲಾಪಿ ಡ್ರೈವಿನ ಅಳತೆಗೇ ಮಾಡಿದ್ರು. ಫ್ಲಾಪಿ ಖಾಲಿ ಮಾಡಿದ ಜಾಗದಲ್ಲೇ ಇವು ಬಾಡಿಗೆಗೆ ಬಂದ್ವು.

ಇಲ್ಲಿ ಶಾನುಭೋಗರ ಪ್ರಶ್ನೆ ಮತ್ತೆ ಬರುತ್ತೆ. ಸ್ಮಾರ್ಟ್‌ಮೀಡಿಯಾ ಥರಾನೇ ಎಕ್ಸ್‌ಡಿ ಕಾರ್ಡಲ್ಲೂ ಕಂಟ್ರೋಲರ್ ಇಲ್ಲ. ಆ ಚಿಪ್ಪಿನ ಲೆಕ್ಕ ಗೊತ್ತಿರೋ ರೀಡರೇ ಬೇಕು. ಅಂಥ ರೀಡರ್ ಮಾಡೋದು ನಿಲ್ಲಿಸಿದ ದಿನ ಕಾರ್ಡ್ ಮೂಗಾಯ್ತು. ಕಾಂಪ್ಯಾಕ್ಟ್‌ಫ್ಲ್ಯಾಶ್ ಹಾಗಲ್ಲ. 90ರ ದಶಕದ ಕಾರ್ಡನ್ನೂ ಈಗಿನ ಕಾಂಪ್ಯಾಕ್ಟ್‌ಫ್ಲ್ಯಾಶ್ ರೀಡರಿಗೆ ಹಾಕಿದ್ರೆ ಮಾತಾಡುತ್ತೆ. ಅದರ 50 ಪಿನ್ ಸ್ಲಾಟಲ್ಲಿ ಸೂಜಿ ಥರ ನಿಂತಿರುತ್ತೆ, ಓರೆ ತಳ್ಳಿದ್ರೆ ಬಗ್ಗುತ್ತೆ, ಅದೊಂದೇ ಭಯ.

📌 7/8

ಗೆದ್ದದ್ದು ಎಸ್‌ಡಿ. ಶಾನುಭೋಗರು ಒಳಗೇ, ದಪ್ಪ 2.1 ಮಿಮೀ, ಬಗ್ಗೋ ಪಿನ್ ಇಲ್ಲ, ಒಂದು ಮೂಲೆ ಕತ್ತರಿಸಿರೋದ್ರಿಂದ ಉಲ್ಟಾ ಹೋಗಲ್ಲ. 2010ರಲ್ಲಿ ಸೋನಿ ಕೂಡ ಎಸ್‌ಡಿ ಒಪ್ಪಿಕೊಳ್ತು.

(ಬದಿಯಲ್ಲಿರೋ ಪುಟ್ಟ "ಲಾಕ್" ಗುಂಡಿ ಗೊತ್ತಲ್ಲ? ಅದು ಕಾರ್ಡಿನ ಒಳಗೆ ಯಾವುದಕ್ಕೂ ಸೇರಿಲ್ಲ. ಗುಂಡಿ ಎಲ್ಲಿದೆ ಅಂತ ನೋಡಿ ಬರೆಯೋದನ್ನ ತಡೆಯೋದು ರೀಡರ್ ಕೆಲಸ. ರೀಡರ್ ನೋಡದೇ ಇದ್ರೆ ಲಾಕ್ ಇದ್ರೂ ಅಳಿಸಿಹೋಗಬಹುದು. ಹುಷಾರು!)

ಎಸ್‌ಡಿಯವರು ಒಂದು ನಿಯಮ ಇಟ್ಟುಕೊಂಡ್ರು: ಹೊಸ ರೀಡರ್ ಹಳೇ ಕಾರ್ಡನ್ನ ಓದಲೇಬೇಕು. ಉಲ್ಟಾ ನಡೆಯಲ್ಲ. 2006ರಲ್ಲಿ 2 ಜಿಬಿಗಿಂತ ದೊಡ್ಡ ಎಸ್‌ಡಿಎಚ್‌ಸಿ ಬಂದಾಗ ಎಷ್ಟೋ ಹಳೇ ರೀಡರ್ ಕಸ ಆದ್ವು. ಆದ್ರೆ ಹಳೇ ಫೋಟೋ ಯಾವುದೂ ಕಸ ಆಗ್ಲಿಲ್ಲ.

2005ರಲ್ಲಿ ಮೈಕ್ರೋಎಸ್‌ಡಿ ಇದೇ ಮನೆಗೆ ಸೇರಿತು. 15×11 ಮಿಮೀ, ಉಗುರಿನಷ್ಟು. ಎಸ್‌ಡಿ ಸ್ಲಾಟಿಗೆ ಹಾಕೋಕೆ ಬೇಕಾದ ಅಡಾಪ್ಟರಿನಲ್ಲಿ ಮತ್ತೆ ಬರೀ ತಂತಿ! ನಮ್ಮೂರುಗಳ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ಹಾಕಿಸ್ತಿದ್ದದ್ದು ಅಣ್ಣ ಅಕ್ಕಂದಿರಿಗೆ ನೆನಪಿರುತ್ತೆ. ಆ ಅಂಗಡಿಯ ಕಂಪ್ಯೂಟರಿಗೆ ನೇತಾಡ್ತಿದ್ದ ಪುಟ್ಟ ಪ್ಲಾಸ್ಟಿಕ್ ರೀಡರ್ ಇದೇ ಕಥೆಯ ಮೊಮ್ಮಗ.

ರೀಡರೇ ಬೇಡ ಅಂದವರೂ ಇದ್ರು. 2007ರ ಐ-ಫೈ ಕಾರ್ಡ್ ತನ್ನೊಳಗೇ ವೈಫೈ ಇಟ್ಟುಕೊಂಡಿತ್ತು. 2016ರಲ್ಲಿ ಹಳೇ ಮಾದರಿಗಳಿಗೆ ಬೆಂಬಲ ನಿಲ್ತು. ಅದೇ ವರ್ಷ ಆ್ಯಪಲ್ ಮ್ಯಾಕ್‌ಬುಕ್ ಪ್ರೋದಿಂದ ಎಸ್‌ಡಿ ಸ್ಲಾಟ್ ತೆಗೀತು. ಕಾರ್ಡ್ ಅರ್ಧ ಹೊರಗೆ ಚಾಚಿಕೊಂಡಿರುತ್ತೆ, ತೊಡಕು ಅನ್ನೋದು ಕಂಪನಿಯ ಫಿಲ್ ಶಿಲ್ಲರ್ ಕೊಟ್ಟ ಕಾರಣಗಳಲ್ಲೊಂದು. 2021ರಲ್ಲಿ ಸ್ಲಾಟ್ ವಾಪಸ್ ಬಂತು.

📌 8/8

ಮಾವನ ಕಾರ್ಡ್ ಏನಾಯ್ತು ಅಂತೀರಾ? ಬಸ್‌ಸ್ಟ್ಯಾಂಡ್ ಹತ್ರದ ಹಳೇ ಫೋಟೋ ಸ್ಟುಡಿಯೋದಲ್ಲಿ ಒಂದು ಮೂಲೆ ಕಂಪ್ಯೂಟರ್. ಅದರ ಮುಂದೆ, ಫ್ಲಾಪಿ ಇರಬೇಕಾದ ಜಾಗದಲ್ಲಿ, ನಾಲ್ಕು ತೂತಿನ ರೀಡರ್. ಅಂಕಲ್ ಧೂಳು ಊದಿ ಕಾರ್ಡ್ ಹಾಕಿದ್ರು. 11 ಫೋಟೋ ಇದ್ವು, 7 ತೆರೀತು. ಒಂದರಲ್ಲಿ ನಮ್ಮ ಹಳೇ ಮನೆ ಜಗಲಿ. ಈಗ ಅಲ್ಲಿ ರಸ್ತೆ ಇದೆ. ಅಮ್ಮನಿಗೆ ಕಳಿಸಿದೆ, ತುಂಬಾ ಹೊತ್ತು ರಿಪ್ಲೈ ಬರ್ಲಿಲ್ಲ, ಆಮೇಲೆ ಫೋನೇ ಬಂತು.

ಉಳಿದ 4 ಯಾಕೆ ತೆರೀಲಿಲ್ಲವೋ. ಫ್ಲ್ಯಾಶ್ ಚಿಪ್ಪಿನಲ್ಲಿ ಮಾಹಿತಿ ಉಳಿಯೋದು ವಿದ್ಯುತ್ ಕಣಗಳಾಗಿ. ವರ್ಷಗಟ್ಟಲೆ ಸುಮ್ಮನೆ ಇಟ್ರೆ ಅವು ಮೆಲ್ಲಗೆ ಸೋರಿಹೋಗಬಹುದು.

ಅದಕ್ಕೇ ಈ ವಾರಾಂತ್ಯ ನಿಮ್ಮ ಮನೆಯ ಡಬ್ಬ, ಬೀರು, ಹಳೇ ಕ್ಯಾಮೆರಾ ಚೀಲ ಒಮ್ಮೆ ತೆಗೆದು ನೋಡಿ. ಎಟಿಎಂ ಕಾರ್ಡಿನಷ್ಟು ತೆಳುವಾಗಿ, ಚಿನ್ನದ ಬಣ್ಣದ ಅಗಲ ತಗಡು ಇದ್ರೆ ಸ್ಮಾರ್ಟ್‌ಮೀಡಿಯಾ. ಅಂಚೆಚೀಟಿ ಗಾತ್ರದಲ್ಲಿ "ಎಕ್ಸ್‌ಡಿ" ಅಂತ ಇದ್ರೆ ಮಾವನ ಕಾರ್ಡಿನ ಅಣ್ಣತಮ್ಮ. ಇವೆರಡನ್ನ ಮೊದಲು ಕಾಪಿ ಮಾಡಿಸಿ, ಓದೋ ರೀಡರ್‌ಗಳು ಇನ್ನೂ ಕೆಲವು ಬದುಕಿವೆ. ಎಸ್‌ಡಿ, ಮೈಕ್ರೋಎಸ್‌ಡಿ ಆದ್ರೆ ನನಗೆ ತಂದುಕೊಡಿ, ನಾನೇ ಮಾಡಿಕೊಡ್ತೀನಿ. ಹೊಸ ರೀಡರ್ ತಗೊಂಡಿದೀನಿ.

ಫೆಸ್ಟ್ ಫೋಟೋ ನಾಳೆ ಸಂಜೆ. ಪ್ರಾಮಿಸ್ ✋

ನಿಮ್ಮ ಡಬ್ಬದಲ್ಲಿ ಯಾವ ಕಾರ್ಡ್ ಸಿಕ್ತು ಅಂತ ಕೆಳಗೆ ಬರೀರಿ.

#ವಸ್ತುಗಳ_ಇತಿಹಾಸ #ಮೆಮೊರಿಕಾರ್ಡ್ #ಕನ್ನಡದಲ್ಲಿ_ತಂತ್ರಜ್ಞಾನ