ಹುಳುಕು

ಹಳಗನ್ನಡದ ‘ಪುೞು’ವಿನ ಪಕಾರ ಹಕಾರಕ್ಕೆ ತಿರುಗಿ ಉಂಟಾದ ‘ಹುಳು’ವಿನಿಂದ ಹುಟ್ಟಿದ ‘ಹುಳುಕು’ ಶಬ್ದವು ಹುಳು ತಿಂದು ಹಾಳಾದ ಕಾಳು, ಮರ, ಹಲ್ಲುಗಳಿಗೆ ಸಲ್ಲುತ್ತದೆ. ದೋಷವನ್ನು ಬಯಲಿಗೆಳೆಯುವುದಕ್ಕೆ ‘ಹುಳುಕು ಎತ್ತಿ ತೋರಿಸು’ ಎಂಬ ಬಳಕೆಯೂ ಉಂಟು. ಹುಳು ಹಲ್ಲನ್ನು ತಿನ್ನುತ್ತದೆ ಎಂಬ ಕಲ್ಪನೆ ಸುಶ್ರುತಸಂಹಿತೆಯ ‘ಕೃಮಿದಂತಕ’ ಎಂಬ ದಂತರೋಗದ ಹೆಸರಿನಲ್ಲಿಯೂ ಇದೆ, ಆದರೆ ಹಲ್ಲನ್ನು ವಾಸ್ತವವಾಗಿ ಕೊರೆಯುವುದು ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ಉತ್ಪಾದಿಸುವ ಆಮ್ಲ.

ದಂತವೈದ್ಯಶಾಸ್ತ್ರವು ಬಹುಕಾಲ ಹುಳುಕಾದ, ಕಳೆದುಹೋದ, ತುಂಬಿಸಿದ ಹಲ್ಲುಗಳನ್ನು ಎಣಿಸಿ ರೋಗವನ್ನು ಅಳೆಯಿತು. ಆದರೆ ಹುಳುಕು ಹಲ್ಲಿನಿಂದ ಮಗು ಪಡುವ ನರಳಾಟ ಆ ಎಣಿಕೆಗೆ ಸಿಕ್ಕಲಿಲ್ಲ. ಉಣ್ಣುವ, ಮಾತಾಡುವ, ನಿದ್ರಿಸುವ, ನಗುವ ನಿತ್ಯದ ಬದುಕಿಗೆ ಬಾಯಿಯ ರೋಗದಿಂದಾಗುವ ಬಾಧೆಯನ್ನು, ಅಂದರೆ ‘ಬಾಯಿಯ ಆರೋಗ್ಯ ಸಂಬಂಧಿ ಜೀವನ ಗುಣಮಟ್ಟ’ವನ್ನು, ಪ್ರಶ್ನಾವಳಿಗಳಿಂದ ಅಳೆಯುವ ಕ್ರಮ ಅನಂತರ ರೂಪುಗೊಂಡಿತು. ಅಮೆರಿಕದಲ್ಲಿ ಸಿದ್ಧವಾಗಿ 2007ರಲ್ಲಿ ಪ್ರಕಟವಾದ ‘ಇಕೋಹಿಸ್’ ಮಾಪಕವು ಇನ್ನೂ ಶಾಲೆಗೆ ಸೇರದ ಎಳೆಯರ ಪರವಾಗಿ ಪೋಷಕರಿಗೆ ಮಗುವಿನ ಕುರಿತು 9, ಕುಟುಂಬದ ಕುರಿತು 4 ಪ್ರಶ್ನೆಗಳನ್ನು ಕೇಳಿ, ಪ್ರತಿ ಉತ್ತರಕ್ಕೆ 0ಯಿಂದ 4ರವರೆಗೆ ಅಂಕ ನೀಡುತ್ತದೆ. ಮೊತ್ತ ಹೆಚ್ಚಿದಷ್ಟೂ ಬಾಧೆ ಹೆಚ್ಚು. ಹೆತ್ತವರನ್ನು ಕಾಡುವ ತಪ್ಪಿತಸ್ಥ ಭಾವ, ತಪ್ಪಿಹೋದ ಕೆಲಸ, ಚಿಕಿತ್ಸೆಯ ಖರ್ಚು ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಇದರ ದೊಡ್ಡ ಗುಣ, ಏಕೆಂದರೆ ಹೇಗೂ ಬೀಳುವ ಹಾಲುಹಲ್ಲೆಂದು ಉದಾಸೀನ ಮಾಡಿದ ಹುಳುಕು ಇಡೀ ಮನೆಯ ನಿದ್ದೆಯನ್ನೇ ಕೆಡಿಸಬಲ್ಲದು.