ಹೈದರಾಬಾದಿನ ಹೆಸರು ಹೊತ್ತ ವಿಮಾನ

ಕಳೆದ ಬೇಸಿಗೆ ರಜೆಯಲ್ಲಿ ಕಲಬುರಗಿಯಿಂದ ಮಿಯಾಪುರದ ನಮ್ಮ ಮನೆಗೆ ಬಂದ ಅಣ್ಣನ ಮಗ ಜೊತೆಗೊಂದು ಪೆಟ್ಟಿಗೆ ತಂದಿದ್ದ. ಅದರೊಳಗೆ ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಪ್ಲಾಸ್ಟಿಕ್ ಮಾದರಿಯ ಬಿಡಿಭಾಗಗಳಿದ್ದವು, ಪ್ರಮಾಣ 1/72. ವಾರವಿಡೀ ನಮ್ಮ ಊಟದ ಮೇಜು ಅಂಟು, ಬಣ್ಣ, ಬ್ಲೇಡುಗಳ ವಶವಾಯಿತು. ಜೋಡಣೆ ಮುಗಿದ ಸಂಜೆ ಹುಡುಗ ಕೇಳಿದ: “ಕಾಕಾ, ಖರೇ ವಿಮಾನ ಹಿಂಗೇ ಇತ್ತೇನು?”

ಉತ್ತರ ಸುಲಭವೆಂದು ನಾವು ಭಾವಿಸಿದ್ದೆವು. ಅದು ನಮ್ಮನ್ನು ಬಹುದೂರ ಕರೆದೊಯ್ದು, ಕೊನೆಗೆ ನಮ್ಮ ಊರಿಗೇ ತಂದು ಬಿಟ್ಟಿತು.

ಮೊದಲು ಅಳತೆ. ಸ್ಪಿಟ್‌ಫೈರ್‌ನ ರೆಕ್ಕೆಗಳು ತುದಿಯಿಂದ ತುದಿಗೆ 36 ಅಡಿ 10 ಅಂಗುಲ, ಎಂದರೆ 11.23 ಮೀಟರ್. ಅದನ್ನು 72ರಿಂದ ಭಾಗಿಸಿದರೆ 15.6 ಸೆಂಟಿಮೀಟರ್. ಸ್ಕೇಲಿಟ್ಟು ನೋಡಿದೆವು, ಸರಿಯಿತ್ತು. ಆದರೆ ಅಳತೆ ಸರಿಯಿದ್ದ ಮಾತ್ರಕ್ಕೆ ಆಕಾರ ಸರಿಯಿರಬೇಕೆಂದಿಲ್ಲ. ಆ ವಿಮಾನದ ಚೆಲುವೆಲ್ಲ ಅದರ ಅಂಡಾಕಾರದ ರೆಕ್ಕೆಯ ಬಾಗಿನಲ್ಲಿದೆ. ಬಾಗು ತುಸು ಕೆಟ್ಟರೂ ಉದ್ದದ ಲೆಕ್ಕ ಅದನ್ನು ಹೇಳದು. ಇನ್ನು ಕೆಲವು ತಪ್ಪುಗಳು ಅನಿವಾರ್ಯ. ತಗಡು ತಗಡು ಕೂಡುವಲ್ಲಿ 2 ಮಿಲಿಮೀಟರ್ ಸಂದು ಇದ್ದರೆ ಮಾದರಿಯಲ್ಲಿ ಅದು 0.03 ಮಿಲಿಮೀಟರ್ ಆಗಬೇಕು, ತಲೆಗೂದಲಿಗಿಂತ ತೆಳು. ಕಣ್ಣಿಗೆ ಕಾಣಲೆಂದು 0.2 ಮಿಲಿಮೀಟರ್ ಗೆರೆ ಕೊರೆದರೆ, ನಿಜವಾದ ವಿಮಾನದಲ್ಲಿ ಅದು ಬೆರಳು ತೂರುವಂತಹ 14 ಮಿಲಿಮೀಟರ್ ಬಿರುಕು. ಹೀಗೆ ಮಾದರಿ ನಿಜದಂತೆ ತೋರಬೇಕಾದರೆ ಕೆಲವೆಡೆ ನಿಜವನ್ನು ಬಿಡಲೇಬೇಕು.

ಎರಡನೆಯದು, ಯಾವ ಸ್ಪಿಟ್‌ಫೈರ್ ಎಂಬ ಪ್ರಶ್ನೆ. ಪೆಟ್ಟಿಗೆಯ ಮೇಲೆ ‘ಮಾರ್ಕ್ 8’ ಎಂದಿತ್ತು. 1940ರ ಮಾರ್ಕ್ 1ರಲ್ಲಿ ಬಲರೆಕ್ಕೆಯಡಿ ದಪ್ಪನೆಯ ರೇಡಿಯೇಟರ್, ಎಡರೆಕ್ಕೆಯಡಿ ಸಪೂರವಾದ ಆಯಿಲ್ ಕೂಲರ್. ಮಾರ್ಕ್ 8ರಲ್ಲಿ ಎರಡೂ ಕಡೆ ಒಂದೇ ಗಾತ್ರದ ಪೆಟ್ಟಿಗೆಗಳು, ಮುಂದೆ ನಾಲ್ಕು ಅಲಗಿನ ಪ್ರೊಪೆಲರ್, ಹಿಂದೆ ಮಡಚಿ ಒಳಸೇರುವ ಪುಟ್ಟ ಚಕ್ರ. ಆರಂಭದ ಕೆಲವು ಮಾರ್ಕ್ 8ಗಳ ರೆಕ್ಕೆಯ ತುದಿಗಳನ್ನು ಚೂಪಾಗಿ ನೀಡಿದ್ದರಿಂದ ಅಗಲ 40 ಅಡಿ 2 ಅಂಗುಲಕ್ಕೇರಿತ್ತು. ಎಂದರೆ ನಾವು ಹೆಮ್ಮೆಯಿಂದ ಅಳೆದ 15.6 ಸೆಂಟಿಮೀಟರ್ ಕೂಡ ಎಲ್ಲ ಸ್ಪಿಟ್‌ಫೈರ್‌ಗಳಿಗೂ ಸಲ್ಲುವ ಸತ್ಯವಲ್ಲ.

ಮೂರನೆಯದು ಬಣ್ಣ. ಇಲ್ಲಿಯೇ ತಪ್ಪು ಸಿಕ್ಕಿತು. ಪೆಟ್ಟಿಗೆಯ ಚಿತ್ರದಲ್ಲಿದ್ದುದು ಬರ್ಮಾ ರಣರಂಗದ ವಿಮಾನ. ಬದಿಯಲ್ಲಿ ‘ಯು ಎಂ’ ಎಂಬ ಅಕ್ಷರಗಳು, ವೃತ್ತಾಕಾರದ ಚಿಹ್ನೆಯನ್ನು ಹಾದು ನೆಗೆಯುವ ಕರಿ ಚಿರತೆ. ಆದರೆ ಅಂಟಿಸಲು ಕೊಟ್ಟಿದ್ದ ಚಿಹ್ನೆಯ ನಡುವೆ ಕೆಂಪು ಬೊಟ್ಟಿತ್ತು. ಯುರೋಪಿನ ಬ್ರಿಟಿಷ್ ವಿಮಾನಗಳಿಗೆ ಅದು ಸರಿ. ಬರ್ಮಾದಲ್ಲಿ ಅದು ಪ್ರಾಣಕ್ಕೇ ಕುತ್ತು. ಜಪಾನಿ ವಿಮಾನಗಳ ಗುರುತು ಕೆಂಪು ಸೂರ್ಯ. ಕೆಂಪು ಕಂಡೊಡನೆ ತಮ್ಮವರೇ ಗುಂಡು ಹಾರಿಸಿಯಾರೆಂದು ಈ ಭಾಗದಲ್ಲಿ ಕೆಂಪನ್ನು ತೆಗೆದು, ಕಡುನೀಲಿಯೊಳಗೆ ತಿಳಿನೀಲಿ ಬಳಿದರು. ಭಾರತೀಯ ವಾಯುದಳದ ವಿಮಾನಗಳೂ ಆಗ ಈ ಎರಡು ನೀಲಿಗಳನ್ನೇ ಹೊತ್ತಿದ್ದವು. ಹಾಗಾಗಿ ‘ಖರೇ ವಿಮಾನದ ಹಂಗ ಅದ ಏನು’ ಎಂಬ ಪ್ರಶ್ನೆಗೆ ಮುಂಚೆ ‘ಯಾವ ವರ್ಷ, ಯಾವ ಆಕಾಶದಲ್ಲಿ’ ಎಂದು ಕೇಳಬೇಕು.

ಚಿರತೆಯ ಆ ವಿಮಾನ ಯಾರದೆಂದು ಹುಡುಕಿದಾಗ ನಮಗೆ ಅಚ್ಚರಿ ಕಾದಿತ್ತು. ‘ಯು ಎಂ’ ಎಂಬುದು ಬ್ರಿಟಿಷ್ ವಾಯುದಳದ 152ನೆಯ ಸ್ಕ್ವಾಡ್ರನ್ನಿನ ಗುರುತು. ಅದರ ಪೂರ್ಣ ಹೆಸರು ‘152 (ಹೈದರಾಬಾದ್) ಸ್ಕ್ವಾಡ್ರನ್’. ಅದರ ಲಾಂಛನದಲ್ಲಿರುವುದು ನಿಜಾಮರ ಶಿರೋವಸ್ತ್ರ. ಧ್ಯೇಯವಾಕ್ಯ ‘ನಿಷ್ಠಾವಂತ ಮಿತ್ರ’, ಬ್ರಿಟಿಷರು ನಿಜಾಮರಿಗೆ ಕೊಟ್ಟ ಬಿರುದಿನ ನೆನಪು. ನಿಜಾಮರ ದೇಣಿಗೆಯ ಕೃತಜ್ಞತೆಗಾಗಿ ಬಂದ ಹೆಸರದು. 253ನೆಯ ಸ್ಕ್ವಾಡ್ರನ್ನಿಗೂ ‘ಹೈದರಾಬಾದ್ ಸಂಸ್ಥಾನ’ ಎಂಬ ಹೆಸರಿತ್ತು. 1940ರಲ್ಲಿ ಇಂಗ್ಲೆಂಡಿನ ಮೇಲೆ ಜರ್ಮನ್ ವಿಮಾನಗಳು ಎರಗಿದಾಗ 152 ಸ್ಪಿಟ್‌ಫೈರ್‌ಗಳಲ್ಲಿಯೂ 253 ಹರಿಕೇನ್‌ಗಳಲ್ಲಿಯೂ ಕಾದಾಡಿದವು. ಮೊದಲ ಮಹಾಯುದ್ಧದಲ್ಲಿಯೂ ಹೀಗೆಯೇ ಆಗಿತ್ತು. 1918ರಲ್ಲಿ ಫ್ರಾನ್ಸಿಗೆ ಹೋದ 110ನೆಯ ಸ್ಕ್ವಾಡ್ರನ್ನಿನ ವಿಮಾನಗಳು ನಿಜಾಮರ ಕಾಣಿಕೆ. ಅವುಗಳಲ್ಲೊಂದು ಇಂದಿಗೂ ಲಂಡನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಮ್ಮಿನಲ್ಲಿದೆ.

ಆ ನಿಜಾಮರ ಸಂಸ್ಥಾನವೆಂದರೆ ಚಾರ್‌ಮಿನಾರಿನ ಸುತ್ತಲಿನ ನಗರವಷ್ಟೇ ಅಲ್ಲ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೂ ಅದರೊಳಗಿದ್ದವು. 1948ರ ಸೆಪ್ಟೆಂಬರ್ 17ರ ನಂತರವೇ ಆ ಆಳ್ವಿಕೆ ಕೊನೆಗೊಂಡದ್ದು, 1956ರಲ್ಲಿಯೇ ಅವು ಕನ್ನಡನಾಡನ್ನು ಸೇರಿದ್ದು. ಸರ್ಕಾರದ ಬೊಕ್ಕಸವೇ ಇರಲಿ, ನಿಜಾಮರ ಖಾಸಗಿ ಜಮೀನುಗಳಾದ ಸರ್ಫೆಖಾಸ್ ಇರಲಿ, ಅಲ್ಲಿಗೆ ಹರಿದು ಬಂದ ಹಣದಲ್ಲಿ ದೊಡ್ಡ ಪಾಲು ರೈತನ ಕಂದಾಯ. ಜೋಳ ತೊಗರಿ ಬೆಳೆದವರ ದುಡ್ಡು ವಿಮಾನವಾಗಿ ಹಾರಿತೆಂದು ಹೆಮ್ಮೆಪಡಬೇಕೋ, ಅವರನ್ನು ಯಾರೂ ಕೇಳಲಿಲ್ಲವೆಂದು ನೋಯಬೇಕೋ ನಮಗೆ ತಿಳಿಯದು. ಹಿಟ್ಲರನ ವಿರುದ್ಧದ ಹೋರಾಟ ನ್ಯಾಯದ್ದೇ. ಆದರೆ ಕೊಟ್ಟವರು ಯಾರೆಂದು ಬರೆಯುವಾಗ ಒಬ್ಬನ ಹೆಸರಷ್ಟೇ ಬರೆದದ್ದು ಕೆಂಪು ಬೊಟ್ಟಿನಂತಹುದೇ ಒಂದು ತಪ್ಪು.

ಇದನ್ನೆಲ್ಲ ಹೇಳಿದಾಗ ಹುಡುಗ ಬಹಳ ಹೊತ್ತು ಸುಮ್ಮನಿದ್ದ. “ಹಂಗಾದ್ರ ನಮ್ಮ ಮುತ್ಯಾನ ರೊಕ್ಕಾನೂ ಇದರಾಗ ಅದ ಏನು?” ಎಂದ. ಇರಬಹುದು, ನಮ್ಮ ಅಜ್ಜನೂ ನಿಜಾಮರ ಸರ್ಕಾರಕ್ಕೆ ಕಂದಾಯ ಕಟ್ಟಿದವರೇ ಎಂದೆವು.

ಮರುದಿನ ಇಬ್ಬರೂ ಕೂತು ನೀಲಿಗೆ ಬಿಳಿ ಬೆರೆಸಿ ಕೆಂಪು ಬೊಟ್ಟನ್ನು ಮುಚ್ಚಿದೆವು. ಬಣ್ಣ ಅಂಚಿನಲ್ಲಿ ಸ್ವಲ್ಪ ಹರಡಿತು. ಚಿರತೆಯ ಕಾಲಿಗೂ ತಾಗಿತು. ವಿಮಾನ ನಿಲ್ಲಿಸುವ ಹಲಗೆಯ ಅಡಿಯಲ್ಲಿ ಹುಡುಗ ತನ್ನ ದುಂಡನೆಯ ಅಕ್ಷರದಲ್ಲಿ ಬರೆದ: ‘152 ಹೈದರಾಬಾದ್. ಬೀದರ್, ಕಲಬುರಗಿ, ರಾಯಚೂರು.’ ಇಂತಹ ಬರಹ ಯಾವ ಸ್ಪಿಟ್‌ಫೈರ್ ಮೇಲೂ ಇರಲಿಲ್ಲವೆಂದು ನಮಗೆ ಗೊತ್ತು. ಅಳಿಸೆಂದು ಹೇಳಲಿಲ್ಲ.